ನಾಲ್ಕನೆಯ ಹಂತ

೧೧ ನವೆಂಬರ್ ೨೦೨೪, ಸೋಮವಾರ

ರೋಣದ ಬಸ್ಸು ಇವತ್ತೂ ತಡ. ಸೂಡಿ ಸ್ಟಾಪಿನಲ್ಲಿ ನಿಂತೇ ಪ್ರಬಂಧದ ಎರಡನೇ ಅಧ್ಯಾಯ ತಿದ್ದಿದೆ. ಮೊದಲ ತಾಸು ಬಿ.ಕಾಂ., ಆಮೇಲೆ ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪ್. ವಿಷಯ ಅದೇ — ಬಿಸಿನೆಸ್ ಮಾಡೆಲ್, ಅಂದರೆ ಕಂಪನಿ ದುಡ್ಡು ಗಳಿಸುವ ಬಗೆ, ಅದರ ಬಗ್ಗೆ ವಿದ್ವಾಂಸರು ಮಾಡಿದ ಸಂಶೋಧನೆ ಹೇಗೆ ಬೆಳೆಯಿತು. ಬೇರೆಯವರು ವ್ಯಾಪಾರದ ಮೇಲೆ ಪಿಎಚ್.ಡಿ. ಮಾಡುತ್ತಾರೆ, ನಾನು ಆ ಪಿಎಚ್.ಡಿ.ಗಳ ಮೇಲೆ. ಅತ್ತೆಗೆ ಬಿಡಿಸಿ ಹೇಳಲು ಹೋಗಿ ಸೋತಿದ್ದೇನೆ.

ಆ ಸಂಶೋಧನೆಯ ಮೊದಲ ಹಂತ ಇಂಟರ್ನೆಟ್ ಕಂಪನಿಗಳ ಕಾಲ. ಎಲ್ಲರ ಬಾಯಲ್ಲೂ ಅದೇ ಮಾತು, ಅರ್ಥ ಯಾರಿಗೂ ಪಕ್ಕಾ ಇಲ್ಲ. ಎರಡನೆಯದು ಅರ್ಥಕ್ಕಾಗಿ ಜಗಳ, ಒಬ್ಬೊಬ್ಬರದು ಒಂದೊಂದು ವ್ಯಾಖ್ಯೆ. ಮೂರನೆಯದರಲ್ಲಿ ಜಗಳ ಬಿಟ್ಟು ಹಳೇ ಕಂಪನಿ ಹೇಗೆ ಬದಲಾಗುತ್ತದೆ ಎಂದು ನೋಡಲು ಹೊರಟರು. ಇಷ್ಟನ್ನು ಎಲ್ಲರೂ ಬರೆದಾಗಿದೆ. ನನ್ನದು ಅಂತ ಏನಿದೆ? ಏನೂ ಇಲ್ಲ.

ಮಾರ್ಚಿಗೆ ಪಿಎಚ್.ಡಿ. ನೋಂದಣಿ ಅವಧಿ ಖಲಾಸ್. ಡಾಕ್ಟರೇಟ್ ಇಲ್ಲದ ನನ್ನಂಥ ಅತಿಥಿ ಉಪನ್ಯಾಸಕರನ್ನು ಕೈಬಿಡುತ್ತಾರೆ ಎಂಬ ಸುದ್ದಿ ಬೇರೆ.

೨೯ ನವೆಂಬರ್

ಸಿಕ್ಕಿತು! ವಿಶ್ವವಿದ್ಯಾಲಯದ ಆನ್‌ಲೈನ್ ಗ್ರಂಥಾಲಯದಲ್ಲಿ ವರ್ಷವಾರು ಲೇಖನ ಎಣಿಸುತ್ತ ಬಂದೆ. ಏರುತ್ತ, ಏರುತ್ತ... ೨೦೧೯ರ ನಂತರ ಒಮ್ಮೆಲೇ ಇಳಿತ. ವಿದ್ವಾಂಸರಿಗೇ ಈ ವಿಷಯ ಸಾಕಾಗಿದೆ! ಗೈಡ್ ನಿರ್ಮಲಾ ಮೇಡಂಗೆ ಫೋನ್ ಮಾಡಿದೆ.

"ಇದ ನೋಡವಾ ನಿಂದು! ನಾಲ್ಕನೇ ಹಂತ — ಇಳಿತದ ಹಂತ. ಇನ್ನ ಚಿಂತಿ ಬಿಡು."

ಗೂಗಲ್‌ನಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು, ಗ್ರಂಥಾಲಯದ್ದಷ್ಟೇ ಲೆಕ್ಕ ಹಿಡಿ ಎಂದಿದ್ದವರು ಅವರೇ. ಎಷ್ಟೋ ದಿನಗಳಾದ ಮೇಲೆ ಹೊಟ್ಟೆ ತುಂಬ ಉಂಡೆ.

೧೮ ಜನವರಿ ೨೦೨೫

ಕ್ಲಾಸ್ ಮುಗಿದ ಮೇಲೆ ಶ್ವೇತಾ ಬೆನ್ನು ಹತ್ತಿದಳು. ಫೈನಲ್ ಬಿ.ಕಾಂ., ಚುರುಕು ಹುಡುಗಿ. ಗಜೇಂದ್ರಗಡದಲ್ಲಿ ಅವಳಪ್ಪನದು ಕೈಮಗ್ಗ.

"ಮೇಡಂ, ನಾನೂ ನಿಮ್ಮಂಗ ರಿಸರ್ಚ್ ಮಾಡ್ತೀನ್ರಿ. ನಮ್ಮ ನೇಕಾರರ ಬಿಸಿನೆಸ್ ಮಾಡೆಲ್ ಮ್ಯಾಲೆ. ಯಾರೂ ಮಾಡಿಲ್ಲ ನೋಡ್ರಿ."

ಚಲೋ ವಿಷಯ ಅಂದೆ. ಖುಷಿಗೆ ಮೆಟ್ಟಿಲು ಹಾರಿಕೊಂಡೇ ಇಳಿದಳು.

೯ ಫೆಬ್ರುವರಿ, ಭಾನುವಾರ

ಫರ್ಜಾನಾ ರಜೆಗೆ ಗಜೇಂದ್ರಗಡಕ್ಕೆ ಬಂದಿದ್ದಾಳೆ. ಎಂ.ಕಾಂ.ನಲ್ಲಿ ಜೊತೆಗಿದ್ದವಳು, ಈಗ ಹೈದರಾಬಾದಿನಲ್ಲಿ ಸಂಶೋಧನೆ. ಜಂಬದಿಂದ ನನ್ನ ಗ್ರಾಫ್ ತೋರಿಸಿದೆ. ಅವಳು ತನ್ನ ವಿಶ್ವವಿದ್ಯಾಲಯದ ಲಾಗಿನ್‌ನಿಂದ ಅದೇ ಪದ ಹಾಕಿ ಹುಡುಕಿದಳು. ಪರದೆ ನನ್ನತ್ತ ತಿರುಗಿಸಿದಳು.

"ಏ ಮಹೇಶ್ವರಿ, ಎಲ್ಲೈತಿ ಇಳಿತ? ಇಲ್ಲಿ ಏರಾಕತ್ತೈತಲ್ಲ..."

ಕಾರಣ ಇಷ್ಟೇ. ೨೦೧೯ರ ನಂತರ ನಮ್ಮ ಗ್ರಂಥಾಲಯ ಹೆಚ್ಚಿನ ಜರ್ನಲ್‌ಗಳ ಚಂದಾ ಕಟ್ಟಿಲ್ಲ. ಹೊಸ ಸಂಚಿಕೆ ಬರುವುದೇ ನಿಂತಿದೆ. ಜಗತ್ತು ಬರೆಯುತ್ತಲೇ ಇದೆ — ಪರಿಸರ, ಮರುಬಳಕೆ, ಮೊಬೈಲ್ ಆ್ಯಪ್, ಏನೇನೋ. ನಮ್ಮ ಮನೆಯ ಕಿಟಕಿ ಮುಚ್ಚಿದ್ದನ್ನು ನಾನು ಊರಿಗೇ ಕತ್ತಲಾಯಿತು ಅಂತ ಬರೆದಿದ್ದೇನೆ. ಬಸ್ಸಿನಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತುಬಿಟ್ಟೆ.

೧೨ ಫೆಬ್ರುವರಿ

ಮೇಡಂ ಮನೆಗೆ ಹೋಗಿ ಎಲ್ಲಾ ಹೇಳಿದೆ. ಬಹಳ ಹೊತ್ತು ಕನ್ನಡಕ ಒರೆಸಿದರು.

"ಅದನ್ನ ತಗದ್ರ ಉಳಿಯೋದೇನವಾ?"

"ಏನೂ ಇಲ್ರಿ."

"ಮತ್ತ ಎಣಿಸಾಕ ವರ್ಷ ಬೇಕು. ನಿನಗ ಒಂದ ತಿಂಗಳೈತಿ. ಇದ್ದಂಗ ಕೊಟ್ಟಬಿಡು. ನೋಡವ್ರೂ ಅದ ಗ್ರಂಥಾಲಯದಾಗ ನೋಡ್ತಾರ."

"ತಪ್ಪಲ್ಲೇನ್ರಿ ಮೇಡಂ?"

"ತಪ್ಪ ಐತಿ. ನೌಕರಿ ಬ್ಯಾಡೇನು?"

ಚಹಾ ಕುಡಿದು ಬಂದೆ.

೨೧ ಮಾರ್ಚ್

ಪ್ರೀ-ಸಬ್ಮಿಷನ್, ಅಂದರೆ ಪ್ರಬಂಧ ಸಲ್ಲಿಸುವ ಮುಂಚಿನ ಮಂಡನೆ, ಆಯಿತು. ಸಮಿತಿಯ ಹಿರಿಯರು ನಾಲ್ಕನೇ ಹಂತಕ್ಕೆ ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಉಳಿದದ್ದೆಲ್ಲ ಗೊತ್ತಿದ್ದದ್ದ. ಇದ ಹೊಸಾದು. ಇದರ ಬಗ್ಗೆ ಮತ್ತೇನರ ಹೇಳೋದೈತೇನವಾ?"

ಕೇಳಿದರು. ಬಾಯಿಬಿಟ್ಟು ಕೇಳಿದರು. ಹೇಳಬಹುದಿತ್ತು.

"ಇಲ್ರಿ ಸರ್."

ಚಪ್ಪಾಳೆ. ಮೇಡಂ ನನ್ನತ್ತ ನೋಡಲಿಲ್ಲ. ಫರ್ಜಾನಾ ಮೆಸೇಜ್ — "ಹೇಳಿದಿ?" ಇನ್ನೂ ಉತ್ತರ ಹಾಕಿಲ್ಲ.

೨೬ ನವೆಂಬರ್

ಇಷ್ಟು ತಿಂಗಳು ಪೆನ್ನು ಮುಟ್ಟಲು ಮನಸ್ಸಾಗಲಿಲ್ಲ. ಡಾಕ್ಟರೇಟ್ ಬಂತು. ಕೆಲಸ ಉಳಿಯಿತು. ನಾಲ್ಕನೇ ಹಂತದ ಅಧ್ಯಾಯ ಜರ್ನಲ್ಲೊಂದರಲ್ಲಿ ಅಚ್ಚಾಯಿತು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ನನಗೆ ನಾಚಿಕೆ ಬಿಟ್ಟರೆ ಬೇರೇನೂ ಅನ್ನಿಸುತ್ತಿಲ್ಲ. ಫರ್ಜಾನಾ ಮಾತು ಬಿಟ್ಟಿದ್ದಾಳೆ.

೩೦ ನವೆಂಬರ್, ಭಾನುವಾರ

ಶ್ವೇತಾಳ ಫೋನ್. ಈಗ ಎಂ.ಕಾಂ. ಓದುತ್ತಿದ್ದಾಳೆ.

"ಮೇಡಂ, ನೇಕಾರರ ವಿಷಯ ಬಿಟ್ಟೆನ್ರಿ."

ಯಾಕೆ ಅಂದೆ.

"ನಮ್ಮ ಸರ್ ಬ್ಯಾಡಂದ್ರು. ಬಿಸಿನೆಸ್ ಮಾಡೆಲ್ ಮುಗಿದ ವಿಷಯ, ಜಗತ್ತಿನಾಗ ಯಾರೂ ಓದವಲ್ರು ಅಂತ ನಿಮ್ಮ ಲೇಖನಾನ ತೋರಿಸಿದ್ರು ನೋಡ್ರಿ! ನಮ್ಮ ಮೇಡಂ ಬರದದ್ದು ಅಂತ ಕ್ಲಾಸಿನಾಗ ಎಲ್ಲಾರಿಗೂ ಹೇಳೀನ್ರಿ."

ಬೇಸಿಗೆಯಿಡೀ ಮನೆಮನೆಗೆ ಹೋಗಿ ನೇಕಾರರನ್ನು ಮಾತಾಡಿಸಿದ್ದಳಂತೆ. ಅದೆಲ್ಲ ಇನ್ನು ಬೇಡ. ಜಿಎಸ್‌ಟಿ ಮೇಲೆ ಮಾಡುತ್ತಾಳಂತೆ. ಬೇಸರ ಇಲ್ಲೇನು ಅಂದರೆ ನಕ್ಕಳು. "ನೀವ ಹೇಳಿದ ಮ್ಯಾಲ ಮುಗೀತಲ್ರಿ."

ಮುಂದಿನ ಭಾನುವಾರ ಅಪ್ಪನ ಜೊತೆ ಮನೆಗೆ ಬರುತ್ತಾಳೆ. ನನಗೆ ಡಾಕ್ಟರೇಟ್ ಬಂದದ್ದಕ್ಕೆ ಅವರು ತಾವೇ ಒಂದು ಸೀರೆ ನೇಯ್ದಿದ್ದಾರಂತೆ. ಅವರೆದುರಿಗೇ ಉಟ್ಟು ತೋರಿಸಬೇಕಂತೆ.

ಉಡದಿದ್ದರೆ ಯಾಕೆ ಅಂತ ಕೇಳುತ್ತಾಳೆ. ಕೇಳಿದರೆ ನಿಜ ಹೇಳಬೇಕು. ಹೇಳಿದರೆ ಡಾಕ್ಟರೇಟ್, ನೌಕರಿ...