ಅಮಾವಾಸ್ಯೆಯ ದಿನ ಆರಿದ ಸರ್ವರ್

ಮಸ್ಕಿ, ಗುರುವಾರ

ಕಂಪ್ಯೂಟರ್ ರಿಪೇರಿಯ ಸಿದ್ದಲಿಂಗೇಶ ಸರ್ ಅವರಿಗೆ ನಮಸ್ಕಾರ.

ಸಿಂಧನೂರಿನಿಂದ ನಾಳೆ ಮೊದಲ ಬಸ್ಸಿಗೇ ಬನ್ನಿ. ಸೋಮವಾರ ಅಮಾವಾಸ್ಯೆ ಪೂಜೆಗೆಂದು ಯಾರೋ ನಮ್ಮ ಆಫೀಸಿನ ಸರ್ವರನ್ನು ನಡೆಯುತ್ತಿರುವಾಗಲೇ ಮೇನ್ ಸ್ವಿಚ್‌ನಲ್ಲಿ ಆರಿಸಿ, ಒರೆಸಿ, ವಿಭೂತಿ ಹಚ್ಚಿದ್ದಾರೆ. ಅಂದಿನಿಂದ ಪಾಸ್‌ವರ್ಡ್ ಸರಿಯಿದ್ದರೂ ಅದಕ್ಕೆ ಜೋಡಿಸಿದ ಆರೂ ಕಂಪ್ಯೂಟರುಗಳು ‘ಪ್ರೊಫೈಲ್ ತೆರೆಯುತ್ತಿಲ್ಲ’ ಎಂದು ನಮ್ಮನ್ನು ಹೊರಗೇ ನಿಲ್ಲಿಸುತ್ತಿವೆ.

ಸಾಹೇಬರು ಕಸ ಗುಡಿಸುವ ಅಯ್ಯಮ್ಮನನ್ನು ಕೆಲಸದಿಂದ ತೆಗೆದರು. “ನಾ ಸ್ವಿಚ್ ಮುಟ್ಟೇ ಇಲ್ರೀ ಅಕ್ಕಾರ” ಎನ್ನುತ್ತ ಅವಳು ಮೂರು ದಿನದಿಂದ ಬಾಗಿಲಲ್ಲೇ ಕೂತಿದ್ದಾಳೆ. ನಾನು ಅವಳನ್ನು ದಾಟಿಕೊಂಡೇ ಒಳಗೆ ಹೋಗಬೇಕು.

ಫೈಲುಗಳು ಹೋದರೆ ಹೋಗಲಿ. ಸರ್ವರ್ ಎಷ್ಟು ಗಂಟೆಗೆ ಆರಿತೆಂದು ಅದರಲ್ಲೇ ದಾಖಲಾಗಿರುತ್ತದಂತೆ. ಅದನ್ನು ಸಾಹೇಬರಿಗೆ ತೋರಿಸಿ. ಆ ಹೊತ್ತಿಗೆ ಅಯ್ಯಮ್ಮ ಬಂದೇ ಇರಲಿಲ್ಲ. ಬೀಗ ತೆಗೆದು ಒಳಗಿದ್ದವಳು ನಾನೊಬ್ಬಳೇ.

ನನ್ನ ಬಾಯಿಂದ ಆ ಮಾತು ಹೊರಡುತ್ತಿಲ್ಲ, ಸರ್.

ಇಂತಿ,
ದಾನೇಶ್ವರಿ