ನನ್ನ ಗಂಡನ ದನಿ ವೈರಸ್ ಅಲ್ಲ, ಸ್ವಾಮಿ

ಮಾನ್ಯರೇ,

ಭದ್ರತಾ ತಂತ್ರಾಂಶ ಸಂಸ್ಥೆಯ ಅಪಾಯ ಪತ್ತೆ ವಿಭಾಗದ ಮುಖ್ಯಸ್ಥರಾದ ತಮಗೆ ತಿಳಿಸುವುದೇನೆಂದರೆ, ನಿಮ್ಮ ಆ್ಯಂಟಿವೈರಸ್ ನನ್ನ ಗಂಡನ ದನಿಯನ್ನು ಅಳಿಸಿಹಾಕಿದೆ. ಮಾತಿನ ಚಂದಕ್ಕೆ ಹೀಗೆ ಹೇಳುತ್ತಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಗೆ ಮೊದಲು ಅವರು ರೆಕಾರ್ಡ್ ಮಾಡಿಟ್ಟಿದ್ದ ಮಾತುಗಳೆಲ್ಲ ನಾನು ಮನೆಯಲ್ಲಿ ಬರೆದ ಒಂದು ಪ್ರೋಗ್ರಾಮಿನೊಳಗಿದ್ದವು. ನಿಮ್ಮ ತಂತ್ರಾಂಶ ಅದನ್ನು ಬೇಹುಗಾರ ಎಂದು ತೀರ್ಮಾನಿಸಿ, ನಮ್ಮನ್ನು ಒಂದು ಮಾತೂ ಕೇಳದೆ ತೆಗೆದುಹಾಕಿತು. ಆಮೇಲೆ ತೆರೆಯ ಮೂಲೆಯಲ್ಲಿ ಹಸಿರು ಗುರುತು ಹಾಕಿ, "ನಿಮ್ಮ ಕಂಪ್ಯೂಟರ್ ಈಗ ಸುರಕ್ಷಿತ" ಎಂದು ಬರೆಯಿತು. ಅಭಿನಂದನೆಗಳು. ಕಂಪ್ಯೂಟರ್ ಕ್ಷೇಮವಾಗಿದೆ. ಮನೆಯವರ ಗತಿ ಏನಾಯಿತೆಂದು ಹೇಳುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನನ್ನ ಗಂಡ ದರ್ಜಿ, ಹೊಲಿಗೆ ಅಂಗಡಿಯೊಂದರಲ್ಲಿ ಕಟಿಂಗ್ ಮಾಸ್ಟರ್. ಕತ್ತರಿಯಷ್ಟೇ ಚುರುಕು ನಾಲಿಗೆ. ಅಳತೆ ತೆಗೆಯುವಾಗ, "ಹೊಟ್ಟೆ ಒಳಗೆ ಎಳ್ಕೋಬೇಡಿ ಸಾರ್, ಪ್ಯಾಂಟ್ ಹಾಕ್ಕೊಂಡ ಮೇಲೆ ದಿನವಿಡೀ ಉಸಿರು ಕಟ್ಕೊಂಡೇ ಇರ್ತೀರಾ?" ಎಂದು ಗಿರಾಕಿಗಳನ್ನು ನಗಿಸುತ್ತಿದ್ದ ಮನುಷ್ಯ. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿದೆ, ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ವೈದ್ಯರು. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅವರು ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. "ನಿಂಗೆ ಬರೆದು ತೋರಿಸ್ತೀನಿ, ಅಂಗಡೀಲಿ ಕೈಸನ್ನೆ ಮಾಡ್ತೀನಿ. ಅಮ್ಮನಿಗೆ ಏನ್ ಮಾಡ್ಲೇ?" ಎಂದರು. ಅವರ ತಾಯಿಗೆ, ಅಂದರೆ ನನ್ನ ಅತ್ತೆಗೆ, ಎರಡೂ ಕಣ್ಣು ಕಾಣುವುದಿಲ್ಲ. ನೆನಪೂ ಆಗಾಗ ಕೈಕೊಡುತ್ತದೆ. ಅವರ ಪಾಲಿಗೆ ಮಗ ಎಂದರೆ ಮಗನ ದನಿ, ಅಷ್ಟೇ.

ನಾನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವವಳು. ಒಬ್ಬನೇ ಡ್ರೈವರ್ ಒಂದೇ ಹೊತ್ತಿಗೆ ಎರಡು ಬಸ್ಸಿಗೆ ಬೀಳದಂತೆ ನೋಡಿಕೊಳ್ಳಲು ಅಲ್ಲಿ ಇಲ್ಲಿ ಕೇಳಿ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದೆ. ಆ ಕಲಿಕೆ ಈಗ ಮನೆಗೆ ಬಂತು. ಮಲಗುವ ಕೋಣೆಯ ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಬೀದಿಯ ಸದ್ದು ತಡೆದು, ಅವರನ್ನು ಮಂಚದ ಮೇಲೆ ಕೂರಿಸಿ ಮಾತಾಡಿಸಿದೆ. "ಅಮ್ಮಾ, ಊಟ ಆಯ್ತಾ?" "ಮಾತ್ರೆ ನುಂಗು, ನಾಟಕ ಆಡ್ಬೇಡ." "ಹೌದಮ್ಮ, ನೀನೇ ಸರಿ, ನಿನ್ನ ಸೊಸೇನೇ ತಪ್ಪು." ಈ ಕೊನೆಯದನ್ನು ನಾನು ಬೇಡವೆಂದರೂ ಕೇಳಲಿಲ್ಲ. ದನಿ ಆಗಲೇ ಒಡೆದಿತ್ತು. ನಡುನಡುವೆ ನೀರು ಕುಡಿದು, ಸಾವರಿಸಿಕೊಂಡು, ಇನ್ನೊಂದು ಸಲ ಇನ್ನೊಂದು ಸಲ ಎಂದು ಹೇಳಿದರು. ನಾನು ಅಳು ತಡೆದುಕೊಂಡು ಗುಂಡಿ ಒತ್ತುತ್ತಿದ್ದೆ.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅಂಕಿಗಳಷ್ಟೇ ಇರುವ ಒಂದು ಪುಟ್ಟ ಕೀಲಿಮಣೆ ತಂದು ಅತ್ತೆಯ ಕೋಣೆಯ ಕಂಪ್ಯೂಟರಿಗೆ ಜೋಡಿಸಿದೆವು. ಒಂದೊಂದು ಕೀಲಿಗೂ ಒಂದೊಂದು ಬಣ್ಣದ ಬಟ್ಟೆಯ ಚೂರು ಅಂಟಿಸಿಕೊಂಡರು ನಮ್ಮ ಮಾಸ್ಟರು. ಕೆಂಪು ಒತ್ತಿದರೆ ಊಟ, ನೀಲಿ ಒತ್ತಿದರೆ ಮಾತ್ರೆ. ದರ್ಜಿಯ ಬುದ್ಧಿ ಅಲ್ಲಿಗೇ ನಿಲ್ಲಲಿಲ್ಲ. ಅವರ ಅಂಗಡಿಯಲ್ಲಿ ಒಂದು ಅಂಗಿಯ ತುಂಡುಗಳನ್ನು ಕತ್ತರಿಸಿದ ಕೂಡಲೇ ಒಟ್ಟಿಗೆ ಕಟ್ಟಿಡುತ್ತಾರೆ. ಬಿಡಿಯಾಗಿ ಬಿಟ್ಟರೆ ಒಂದು ತೋಳೋ ಕಾಲರೋ ಕಳೆದುಹೋಗುತ್ತದಲ್ಲ. "ಇವನ್ನೂ ಬಿಡಿಬಿಡಿಯಾಗಿ ಇಡ್ಬೇಡ, ಎಲ್ಲಾ ಸೇರಿಸಿ ಒಂದೇ ಗಂಟು ಮಾಡು" ಎಂದು ಚೀಟಿ ಬರೆದು ತೋರಿಸಿದರು. ನನಗೂ ಸರಿಯೆನಿಸಿತು. ಮಾತುಗಳನ್ನೆಲ್ಲ ಪ್ರೋಗ್ರಾಮಿನ ಫೈಲಿನೊಳಗೇ ತುಂಬಿ, ಬಿಡಿ ತುಂಡುಗಳನ್ನು ತೆಗೆದುಹಾಕಿದೆ. ಜೋಪಾನಕ್ಕೆಂದು ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಟ್ಟೆ. ಜೋಪಾನ ಮಾಡಿದ್ದು ಹೆಚ್ಚಾಯಿತು.

ದನಿ ಹೋದದ್ದನ್ನು ಅತ್ತೆಗೆ ನಾವು ಹೇಳಲಿಲ್ಲ. ಅವರಿಗೆ ಗೊತ್ತೂ ಆಗಲಿಲ್ಲ. "ಆಪರೇಷನ್ ಆದ್ಮೇಲೆ ಇವನು ಹೇಳಿದ್ದೇ ಹೇಳ್ತಾನೆ ನೋಡೇ, ವಯಸ್ಸಾಯ್ತು ನನ್ನ ಮಗನಿಗೆ" ಎಂದು ನನ್ನ ಬಳಿ ಚಾಡಿ ಹೇಳುತ್ತಿದ್ದರು. ಇವರು ಬಾಗಿಲಲ್ಲಿ ನಿಂತು, ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ದಿನಗಳಲ್ಲಿ ನಾವು ಸುಖವಾಗಿದ್ದೆವು, ಮಾನ್ಯರೇ. ಅದನ್ನು ನಿಮ್ಮ ವರದಿಯಲ್ಲಿ ದಯವಿಟ್ಟು ದಾಖಲಿಸಿಕೊಳ್ಳಿ.

ಒಂದು ಬೆಳಿಗ್ಗೆ ನಿಮ್ಮ ತಂತ್ರಾಂಶ ತಾನಾಗಿಯೇ ಹೊಸದಾಯಿತು. ಇವರು ಅಮ್ಮನ ಮಂಚದ ಪಕ್ಕ ಕೂತು ಕೆಂಪು ಕೀಲಿ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಅಡುಗೆಮನೆಗೆ ಓಡಿಬಂದು ನನ್ನ ತೋಳು ಹಿಡಿದು ಎಳೆದರು. ತೆರೆಯ ಮೇಲೆ ನಿಮ್ಮ ಎಚ್ಚರಿಕೆ ಇತ್ತು: "ಕೀಲಿಗಳನ್ನು ಕದ್ದು ಗಮನಿಸುವ ಪ್ರೋಗ್ರಾಂ ಪತ್ತೆಯಾಗಿದೆ, ಅಳಿಸಲಾಗಿದೆ." ಹೌದು, ಗಮನಿಸುತ್ತಿತ್ತು. ಮೂಗನೊಬ್ಬ ಯಾವ ಕೀಲಿ ಒತ್ತುತ್ತಾನೆಂದು ಮೈಯೆಲ್ಲ ಕಿವಿಯಾಗಿ ಕಾಯುತ್ತಿತ್ತು. ಅದರ ಕೆಲಸವೇ ಅದಾಗಿತ್ತು. ಅಪಾಯ ತೀವ್ರವಂತೆ, ಆದ್ದರಿಂದ ಮರಳಿ ಪಡೆಯಲು ಒಂದು ಗುಂಡಿಯನ್ನೂ ನೀವು ಇಟ್ಟಿರಲಿಲ್ಲ. ಗಾಬರಿಯಲ್ಲಿ ಪೆನ್‌ಡ್ರೈವ್ ಚುಚ್ಚಿದೆ. ನೋಡನೋಡುತ್ತಿದ್ದಂತೆ ಅದರಲ್ಲಿದ್ದ ಪ್ರತಿಯನ್ನೂ ನಿಮ್ಮ ತಂತ್ರಾಂಶ ಗುಡಿಸಿಹಾಕಿ, ಇನ್ನೊಂದು ಹಸಿರು ಗುರುತು ಹಾಕಿತು. ಅಳಿಸಿದ್ದನ್ನು ಹೊರತೆಗೆಯುವ ಅಂಗಡಿಯವರೂ ಕೈಚೆಲ್ಲಿದರು.

ನಿಮಗೆ ಬರೆದೆ. ಯಂತ್ರ ಉತ್ತರಿಸಿತು: "ಈ ಪ್ರೋಗ್ರಾಂ ಬಳಸುವವರ ಸಂಖ್ಯೆ ತೀರಾ ಕಡಿಮೆಯಿರುವುದರಿಂದ ಇದು ನಂಬಿಕೆಗೆ ಅರ್ಹವಲ್ಲ." ನಿಜ ಸ್ವಾಮಿ, ಬಳಸುತ್ತಿದ್ದವರು ಒಬ್ಬರೇ, ಕೇಳುತ್ತಿದ್ದವರೂ ಒಬ್ಬರೇ. ಒಬ್ಬ ತಾಯಿಗೆ ಎಷ್ಟು ಲಕ್ಷ ಜನ ಮಾತಾಡಿದರೆ ನಿಮಗೆ ನಂಬಿಕೆ ಬಂದೀತು? ಮನೆಯಲ್ಲಿ ಒಬ್ಬರಿಗೋಸ್ಕರ ಮಾಡಿದ ವಸ್ತುವೆಲ್ಲ ಸಂಶಯಾಸ್ಪದವಾದರೆ, ನನ್ನ ಗಂಡ ಅಳತೆ ತೆಗೆದು ಹೊಲಿದ ಪ್ರತಿಯೊಂದು ಅಂಗಿಯನ್ನೂ ಜಪ್ತಿ ಮಾಡಬೇಕಾಗುತ್ತದೆ. ನೀವು ಮಾದರಿ ಕೇಳಿದ್ದಕ್ಕೆ, ಮಾತುಗಳಿಲ್ಲದ ಖಾಲಿ ಪ್ರೋಗ್ರಾಂ ಮತ್ತೆ ಕಟ್ಟಿ ಕಳುಹಿಸಿದೆ. ಪರಿಶೀಲಿಸಿ, ನಿರಪಾಯಕಾರಿ ಎಂದು ಪ್ರಮಾಣಪತ್ರ ಕೊಟ್ಟಿರಿ. ಏನೂ ಮಾತಾಡದ ಪ್ರೋಗ್ರಾಮಿನಿಂದ ಯಾರಿಗೆ ತಾನೇ ಅಪಾಯ?

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅತ್ತೆಗೆ ಸತ್ಯ ಹೇಳಿದೆ. "ಅತ್ತೆ, ಅವರಿಗೆ ದನಿಯೇ ಇಲ್ಲ, ಆಪರೇಷನ್ನಲ್ಲೇ ಹೋಯ್ತು."

"ಹಾಗಾದ್ರೆ ಮೊನ್ನೆ ತನಕ ನಂಜೊತೆ ಮಾತಾಡ್ತಿದ್ದೋನು ಯಾರು?" ಎಂದರು. "ಸುಳ್ಳು ಹೇಳ್ಬೇಡ ಕಣೇ. ನನ್ನ ಮೇಲೆ ಸಿಟ್ಟು ಬಂದಿದೆ ಅವನಿಗೆ. ಏನ್ ತಪ್ಪು ಮಾಡ್ದೆ ಅಂತಾನಾದ್ರೂ ಹೇಳೋಕೆ ಹೇಳು."

ಇವರು ತಾಯಿಯ ಕೈ ಹಿಡಿದರು. ಅತ್ತೆ ಕೊಸರಿಕೊಂಡರು. "ಕೈ ಹಿಡಿದ್ರೆ ಆಯ್ತೇನೋ? ಬಾಯಿ ಬಿಡೋ!"

ಇವರು ಬರೆದದ್ದನ್ನು ಕಂಪ್ಯೂಟರಿನ ಸಿದ್ಧ ದನಿಯಲ್ಲಿ ಓದಿಸಿದರೆ, ಮನೆಗೆ ಯಾರೋ ಬಂದಿದ್ದಾರೆಂದು ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾರೆ. ಹುಡುಕಿ ಹುಡುಕಿ ಕೊನೆಗೆ ನೆಂಟರೊಬ್ಬರ ಫೋನಿನಲ್ಲಿ ಇವರ ನಿಜವಾದ ದನಿ ಒಂದಿಷ್ಟು ಸಿಕ್ಕಿತು. ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುವಾಗ ಯಾರಿಗೋ ಕೂಗಿ ಹೇಳಿದ್ದು: "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ!" ಇರುವುದು ಅದೊಂದೇ. ಅಷ್ಟಾದರೂ ಕೇಳಲಿ ಎಂದು ಇವರು ಅದನ್ನು ಅಮ್ಮನ ಕಿವಿಯ ಹತ್ತಿರ ಹಾಕಿದರು. ಅತ್ತೆಯ ಮುಖ ಅರಳಿಬಿಟ್ಟಿತು. ಗಡಿಬಿಡಿಯಿಂದ ಕಾಲು ಕೆಳಗಿಳಿಸಿ, ಗೋಡೆ ತಡವುತ್ತಾ ಎದ್ದುನಿಂತು, "ಯಾವ ಕಡೆ ಮಗಾ? ಇಲ್ಲಿ ನಿಂತ್ರೆ ಸಾಕಾ?" ಎಂದು ಕೇಳಿದರು. ಇವರು ಫೋನು ಕೆಳಗಿಟ್ಟು ತಾಯಿಯನ್ನು ತಬ್ಬಿಕೊಂಡರು. ನಾನು ಅಲ್ಲಿ ನಿಲ್ಲಲಾರದೆ ಹಿತ್ತಲಿಗೆ ಹೋದೆ.

ಕಳೆದ ವಾರ ನಿಮ್ಮ ಕಚೇರಿಯಿಂದ, ಮೊದಲ ಬಾರಿಗೆ ಮನುಷ್ಯರು ಬರೆದಂತಿದ್ದ ಒಂದು ಉತ್ತರ ಬಂತು. ಪತ್ತೆಯಾದ ಪ್ರತಿಯೊಂದು ಫೈಲಿನ ನಕಲು ಅಳಿಸುವ ಮುನ್ನವೇ ನಿಮ್ಮ ಪ್ರಯೋಗಾಲಯಕ್ಕೆ ತಲುಪುತ್ತದೆಯಂತೆ, ಸಂಶೋಧನೆಗಾಗಿ ಅದನ್ನು ಕಾದಿಡಲಾಗುತ್ತದೆಯಂತೆ, ನಿಯಮದ ಪ್ರಕಾರ ಹೊರಗಿನವರಿಗೆ ಕೊಡಲಾಗದಂತೆ. ಅಂದರೆ ಅದು ಇದೆ! ನನ್ನ ಗಂಡನ ದನಿ ನಿಮ್ಮ ಉಗ್ರಾಣದಲ್ಲಿ, ಲೋಕದ ಕಳ್ಳಕಾಕರ ಫೈಲುಗಳ ನಡುವೆ, ಅಂಕಿಯೊಂದನ್ನು ತಗುಲಿಸಿಕೊಂಡು ಕೂತಿದೆ. ನಾವು ಹೊರಗಿನವರು, ನೀವು ಒಳಗಿನವರು. ಭೇಷ್!

ನನಗೆ ಪರಿಹಾರ ಬೇಡ, ಕ್ಷಮಾಪಣೆಯನ್ನೂ ನೀವೇ ಇಟ್ಟುಕೊಳ್ಳಿ. ಇನ್ನು ಮುಂದೆ ಅಳಿಸುವ ಮೊದಲು ಮನೆಯವರನ್ನು ಒಮ್ಮೆ ಕೇಳಿ. ಅದಕ್ಕಿಂತ ಮೊದಲು ಆ ಫೈಲನ್ನು ನಮಗೆ ಕೊಡಿ. ಅನುಮಾನವಿದ್ದರೆ ನಿಮ್ಮಲ್ಲೇ ಯಾರಾದರೂ ಅದನ್ನು ತೆರೆದು, ಕೊನೆಯವರೆಗೂ ಕೂತು ಕೇಳಿ. ಏನನ್ನು ಕದಿಯಲು ಬಂದಿತ್ತೆಂದು ನಿಮಗೇ ತಿಳಿಯುತ್ತದೆ. ಆದರೆ ಬೇಗ ಕೊಡಿ. ಅತ್ತೆ ಮೊದಲೆಲ್ಲ ದಿನವಿಡೀ ಮಗನನ್ನು ಕೂಗುತ್ತಿದ್ದರು. ಈಗೀಗ ಕೂಗುವುದನ್ನು ಬಿಟ್ಟಿದ್ದಾರೆ.

ಇಂತಿ,
ಊರಿನ ಬಸ್ಸುಗಳಿಗೆಲ್ಲ ಹೊತ್ತು ಗೊತ್ತುಮಾಡಿ, ತನ್ನ ಮನೆಯಲ್ಲಿ ಸುಮ್ಮನೆ ಕಾಯುತ್ತಿರುವ,
ಕಟಿಂಗ್ ಮಾಸ್ಟರರ ಹೆಂಡತಿ