ಲೆಕ್ಕಕ್ಕಿಲ್ಲದ ಕೋಣೆ

ಅಪ್ಪಾ,

ಇವತ್ತು ಮನೆಗೆ ಬೆಲೆ ಕಟ್ಟೋಕೆ ಅಣ್ಣ ಬ್ರೋಕರ್‌ನ ಕರೆಸಿದ್ದ. ಬಂದವರಿಗೆಲ್ಲ ನೀನು ತೋರಿಸ್ತಿದ್ದ ತೇಗದ ಬಾಗಿಲನ್ನ ಆ ಮನುಷ್ಯ ಕಣ್ಣೆತ್ತಿಯೂ ನೋಡಲಿಲ್ಲ. ಪಕ್ಕದ ಬೀದಿಯ ಮನೆ ಎಷ್ಟಕ್ಕೆ ಹೋಯ್ತು ಅಂತ ಹೇಳ್ತಾ ಕೆಳಗೆಲ್ಲ ಟೇಪು ಹಿಡಿದು ಅಳೆದ. ಮಹಡಿಗೆ ಬಂದಾಗ ಮಾತ್ರ ಟೇಪು ಜೇಬಿಂದ ಹೊರಗೇ ಬರಲಿಲ್ಲ. ಗಂಡನ ಮನೆ ಬಿಟ್ಟು ಬಂದ ನನಗೆ ನೀನು ಅವಸರದಲ್ಲಿ ಕಟ್ಟಿಸಿಕೊಟ್ಟ ಕೋಣೆ ಅದು.

"ಇದು ಪ್ಲಾನ್‌ನಲ್ಲೇ ಇಲ್ಲವಲ್ಲ ಸಾರ್. ಆಟಕ್ಕುಂಟು, ಲೆಕ್ಕಕ್ಕಿಲ್ಲ," ಅಂದ. ಅಣ್ಣ ನಕ್ಕ.

"ಯಾರಿರ್ತಾರೆ ಇಲ್ಲಿ?"

"ಯಾರೂ ಇಲ್ಲ," ಅಂದ ಅಣ್ಣ. ನಾನು ಅಲ್ಲೇ ಟೀ ಹಿಡಿದು ನಿಂತಿದ್ದೆ.

ಕಟ್ಟೋಕೆ ಮುಂಚೆ ಪರ್ಮಿಷನ್ ತಗೊಳ್ಳಿ ಅಂತ ಮೇಸ್ತ್ರಿ ಬಡಕೊಂಡಾಗ, "ನನ್ನ ಮಗಳು ಮನೆಗೆ ಬರೋಕೆ ಯಾರ ಪರ್ಮಿಷನ್ ಬೇಕಯ್ಯಾ?" ಅಂತ ಗದರಿದ್ದೆಯಲ್ಲ.

ಬೇಕಿತ್ತು, ಅಪ್ಪಾ.